ಮುತ್ತುಗದ ಎಲೆಯಿಂದ ಹುಣಸೆ ಎಲೆಯವರೆಗೆ

ಲೊಕ್ಕನಹಳ್ಳಿ
12 ಜೂನ್ 1969

ಚನ್ನಾಜಿ,

ಬದುಕಿದ್ದೇನೆ. ಇದನ್ನು ಓದಿದರೆ ನಿನ್ನ ಸಿಟ್ಟು ಅರ್ಧವಾದರೂ ಇಳಿಯುತ್ತದೆ ಎಂದು ಇದನ್ನೇ ಮೊದಲು ಬರೆದೆ. ಮೂರು ವರ್ಷ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವಳು, ನರ್ಸ್ ಕೆಲಸ ಸಿಕ್ಕಿದ್ದೇ ತಡ ಮರೆತೇಬಿಟ್ಟಳು ಎಂದು ಮೈಸೂರಿನಲ್ಲಿ ಕೂತು ಹಲ್ಲು ಕಡಿಯುತ್ತಿರುತ್ತೀ. ಇಲ್ಲಿಯ ಅಂಚೆ ಡಬ್ಬಿಯೊಳಗೆ ಜೇನು ಕಟ್ಟಿತ್ತು ಕಣೇ, ದೇವರಾಣೆ. ಅದು ಎದ್ದು ಹೋಗುವವರೆಗೆ ಊರಲ್ಲಿ ಯಾರೂ ಯಾರಿಗೂ ಕಾಗದ ಹಾಕಲಿಲ್ಲ. ಹಾಕಲಿಲ್ಲವೆಂದು ಯಾರಿಗೂ ಬೇಸರವೂ ಆಗಲಿಲ್ಲ.

ಕೊಳ್ಳೇಗಾಲದ ರೇಷ್ಮೆ ವರ್ತಕರು ಕಟ್ಟಿಸಿದ ಈ ಧರ್ಮಾಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಜಗಲಿ, ಒಂದು ಬೇವಿನ ಮರ ಮತ್ತು ನಾನು. ಡಾಕ್ಟರು ವೃಷಭೇಂದ್ರಪ್ಪನವರು ಶುಕ್ರವಾರ ಮಾತ್ರ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬರುತ್ತಾರೆ. ಉಳಿದ ದಿನ ಡಾಕ್ಟರೂ ನಾನೇ, ಸೂಲಗಿತ್ತಿಯೂ ನಾನೇ, ಹೊಲಕ್ಕೆ ಆನೆ ಇಳಿದಾಗ ತಗಡು ಬಡಿಯುವವಳೂ ನಾನೇ.

ಒಬ್ಬಳ ವಿಷಯ ಬರೆಯಲೇಬೇಕು. ಹೆಸರು ರಂಗಿ. ಸೋಲಿಗರ ಪೋಡಿನವಳು, ಪೋಡು ಎಂದರೆ ಕಾಡಂಚಿನ ಅವರ ಹಟ್ಟಿ, ಇಲ್ಲಿಂದ ಮೂರು ಮೈಲಿ. ವಯಸ್ಸು ಇಪ್ಪತ್ತರ ಆಸುಪಾಸು. ಎಡಪಾದದ ಗಂಟಿನ ಮೇಲೆ, ಒಳಮಗ್ಗುಲಿಗೆ, ಅಂಗೈಯಗಲದ ಹುಣ್ಣು. ನಾಲ್ಕು ವರ್ಷದಿಂದ ಮಾಯುತ್ತಿಲ್ಲ. ಅದನ್ನು ನಾರುಹುಣ್ಣು ಎಂದವರಿದ್ದಾರೆ, ನಾಗನ ಶಾಪ ಎಂದವರಿದ್ದಾರೆ. ಡಾಕ್ಟರು ಪೆನಿಸಿಲಿನ್ ಚುಚ್ಚಿ ಚುಚ್ಚಿ ಸೋತು, ಕುಷ್ಠವೇ ಇರಬೇಕು, ಮಳೆಗಾಲ ಕಳೆದ ಮೇಲೆ ಕುಷ್ಠಾಶ್ರಮಕ್ಕೆ ಕಳಿಸಿಬಿಡೋಣ ಎಂದಿದ್ದಾರೆ. ಒಮ್ಮೆ ಅಲ್ಲಿಗೆ ಹೋದವಳನ್ನು ಮತ್ತೆ ಯಾರು ವಾಪಸು ಕರೆಯುತ್ತಾರೆ ಹೇಳು? ನನಗೆ ಅದು ಕುಷ್ಠ ಅನ್ನಿಸುತ್ತಿಲ್ಲ. ಕಣ್ಣು ಮುಚ್ಚಿಸಿ ಹುಣ್ಣಿನ ಸುತ್ತ ಕೋಳಿ ಪುಕ್ಕ ಆಡಿಸಿದೆ. "ಕಚಗುಳಿ ಕಣವ್ವಾ!" ಎಂದು ಕಾಲೆಳೆದುಕೊಂಡಳು. ಸ್ಪರ್ಶ ಸತ್ತ ಕಾಲಿಗೆ ಕಚಗುಳಿ ಎಲ್ಲಿಂದ ಬರಬೇಕು?

ಇನ್ನೂ ಇದೆ. ಅವಳ ಕಣ್ಣಿನ ಬಿಳಿ ಸದಾ ಅರಿಸಿನ. ಚಳಿ ಬಿದ್ದರೆ ಮೂಳೆ ಮೂಳೆಯೂ ನೋಯುತ್ತದಂತೆ. ಪೋಡಿನಲ್ಲಿ ಇನ್ನಿಬ್ಬರಿಗೆ ಹೀಗೇ ಇದೆಯಂತೆ. ಇಷ್ಟಿದ್ದೂ ಅವಳು ನಗುವುದನ್ನು ನೀನು ನೋಡಬೇಕು, ಜಗಲಿಯಲ್ಲಿ ಕೂತವರೆಲ್ಲ ಕಾರಣ ಗೊತ್ತಿಲ್ಲದೆ ನಗುತ್ತಾರೆ. ವಾರವಾರ ಅವಳ ಅಣ್ಣ ಬಿಳಿಗಿರಿ ಜೊತೆಗೆ ಬರುತ್ತಾನೆ. ಮಾತಿಲ್ಲ, ಕತೆಯಿಲ್ಲ, ಬೇವಿನ ಮರದಡಿ ಕೂತು ಅವಳ ಕಾಲನ್ನೇ ನೋಡುತ್ತಿರುತ್ತಾನೆ. ಅಂಥ ಅಣ್ಣ ಎಲ್ಲರಿಗೂ ಇರಬೇಕು.

"ಕಾಲು ವಾಸಿಯಾಗ್ಲಿ ನರ್ಸವ್ವ, ನಂಗೊಂದ್ ಕಡೆ ಓಗೋದೈತೆ" ಎಂದಳು ರಂಗಿ. ಎಲ್ಲಿಗೆ ಎಂದರೆ ಬಾಯಿಗೆ ಸೆರಗು ಮುಚ್ಚಿಕೊಂಡಳು. ಮಲೆ ಮಾದಪ್ಪನ ಬೆಟ್ಟಕ್ಕೆ ಹರಕೆ ಇರಬೇಕು. ನಾನೂ ಹಟಕ್ಕೆ ಬಿದ್ದಿದ್ದೇನೆ. ಈ ಹುಣ್ಣು ಮಾಯುವವರೆಗೆ ರಜೆ ಹಾಕುವುದಿಲ್ಲ, ಅಮ್ಮ ಎಷ್ಟು ಗಂಡುಗಳನ್ನು ಸಾಲಾಗಿ ನಿಲ್ಲಿಸಿದರೂ ಯಳಂದೂರಿಗೆ ಹೋಗುವುದಿಲ್ಲ. ನೀನು ಈಗ ಲ್ಯಾಬಿನವಳು. ಏನಾದರೂ ಹೇಳು.

ನಿನ್ನ
ರತ್ನ


ಮೈಸೂರು
21 ಜೂನ್ 1969

ಶಿವರತ್ನಮ್ಮನವರ ಸನ್ನಿಧಾನಕ್ಕೆ,

ಜೇನಿನ ಕತೆ ನಂಬಿಲ್ಲ. ಮುಂದಕ್ಕೆ ಹೋಗೋಣ.

ನಿನ್ನ ಕಾಗದವನ್ನು ನಮ್ಮ ಲ್ಯಾಬಿನ ದೊಡ್ಡ ಡಾಕ್ಟರಿಗೆ ಓದಿ ಹೇಳಿದೆ. ನಾನು ಹಲ್ಲು ಕಡಿಯುವ ಭಾಗ ಬಿಟ್ಟು. ಹಳದಿ ಕಣ್ಣು, ಮೂಳೆ ನೋವು, ಒಂದೇ ಹಟ್ಟಿಯಲ್ಲಿ ಮೂವರು ಎಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ವಿಷಯ ದೊಡ್ಡದು ಎಂದು ಅರ್ಥ. ನೀಲಗಿರಿಯ ಕಾಡಿನ ಜನರ ರಕ್ತದಲ್ಲಿ ಒಂದು ವಿಚಿತ್ರ ಕಂಡಿದೆಯಂತೆ. ಅವಳ ರಕ್ತ ಬೇಕು ಎಂದರು.

ಟ್ಯೂಬು ಕಳಿಸಿದ್ದೇನೆ. ತುಂಬಿಸಿ, ಬಿರಡೆ ಹಾಕಿ, ಥರ್ಮಾಸ್ ಫ್ಲಾಸ್ಕಿನಲ್ಲಿಟ್ಟು ಬಸ್ಸಿಗೆ ಕೊಡು. ಕೊಳ್ಳೇಗಾಲದಲ್ಲಿ ನಮ್ಮಮ್ಮ ಸೋಡಾ ಅಂಗಡಿಯಿಂದ ಐಸು ತರಿಸಿ ಹಾಕಿ ಮೈಸೂರಿನ ಬಸ್ಸಿಗೆ ದಾಟಿಸುತ್ತಾಳೆ. ಹೋಲಿಸಿ ನೋಡಲು ಆರೋಗ್ಯವಂತ ಇನ್ನೊಬ್ಬರ ರಕ್ತವೂ ಬೇಕು. ಅದಕ್ಕೆ ನಿನ್ನದು ಬೇಡ, ನಿನ್ನದರಲ್ಲಿ ಬರೀ ಕಾಫಿ ಇರುತ್ತದೆ.

ಇನ್ನೊಂದು ಮಾತು. ನನಗೂ ಇಬ್ಬರು ಅಣ್ಣಂದಿರಿದ್ದಾರೆ. ನನಗೆ ಟೈಫಾಯಿಡ್ ಬಂದಾಗ ಬಾಗಿಲ ತನಕ ಬಂದು "ಸತ್ತಿಲ್ಲ ತಾನೆ?" ಎಂದು ಕೇಳಿ ಇಸ್ಪೀಟಿಗೆ ಹೋದವರು. ವಾರವಾರ ಮರದಡಿ ಕೂತು ಕಾಲು ನೋಡುವ ಅಣ್ಣನನ್ನು ನಾನು ಎಲ್ಲೂ ಕಂಡಿಲ್ಲ.

ಚನ್ನಾಜಿ


ಲೊಕ್ಕನಹಳ್ಳಿ
4 ಜುಲೈ 1969

ಚನ್ನಾಜಿ,

ಫ್ಲಾಸ್ಕು ಇವತ್ತು ಬೆಳಗಿನ ಬಸ್ಸಿಗೆ ಹೋಗಿದೆ. ಕಂಡಕ್ಟರ್ ಪುಟ್ಟಮಾದಪ್ಪನಿಗೆ ಒಳಗಿರುವುದು ರಕ್ತ ಎಂದು ಹೇಳಿದ್ದು ತಪ್ಪಾಯಿತು. ಅದನ್ನು ಡ್ರೈವರ್ ಪಕ್ಕ ಇಟ್ಟು, ಕುಂಕುಮವಿಟ್ಟು, ಹನೂರಿನವರೆಗೆ ಯಾರನ್ನೂ ಆ ಕಡೆ ಕೂರಿಸಲಿಲ್ಲವಂತೆ.

ರಕ್ತ ತೆಗೆಯುವುದಕ್ಕೆ ಪೋಡಿಗೇ ಹೋಗಿದ್ದೆ. ರಂಗಿಯ ತಾಯಿ ಕ್ಯಾತಮ್ಮ ಸೂಜಿ ನೋಡಿದವಳೇ ಅಡ್ಡ ಬಂದಳು. "ಮೊದ್ಲೇ ಅವಳ ಮೈಯಾಗೆ ರಕ್ತಿಲ್ಲ. ಇರೋದ್ನೂ ನೀನು ಮೈಸೂರ್ಗೆ ಕಳಿಸ್ಬುಟ್ರೆ?" ಎಂದಳು. ಕೇಳಿದ್ದರಲ್ಲಿ ತಪ್ಪೇನಿದೆ? ಪೋಡಿನ ಯಜಮಾನ ಪುಟ್ಟಬೊಮ್ಮನೂ ಗಡ್ಡ ಕೆರೆಯುತ್ತಾ ಕೂತ. ಆಗ ಬಿಳಿಗಿರಿ ಎದ್ದು ಬಂದು ತೋಳು ಚಾಚಿದ. "ಮೊದ್ಲು ನನ್ದು ತಗಿ. ನಂಗೇನೂ ಆಗ್ನಿಲ್ಲ ಅಂದ್ರೆ ಅವಳ್ದು ತಗಿ" ಎಂದ. ಬಂದ ದಿನದಿಂದ ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಇದು. ಹೀಗೆ ನಿನ್ನ ಎರಡನೆಯ ಟ್ಯೂಬೂ ತುಂಬಿತು.

ಅಣ್ಣಂದಿರ ಬಗ್ಗೆ ನಿನ್ನ ಸಂಶಯ ನಿನ್ನ ಮನೆಯದು. ಮದುವೆಯಾಗದ ಹುಡುಗಿಯ ಜೊತೆ ಊರೆದುರಿಗೆ ಓಡಾಡುವವನು ಅಣ್ಣನಲ್ಲದೆ ಇನ್ನಾರಿರುತ್ತಾನೆ? ಎಲ್ಲದರಲ್ಲೂ ಸಿನಿಮಾ ಹುಡುಕಬೇಡ.

ಬೇಗ ಬರೆ. ಡಾಕ್ಟರು ಆಶ್ರಮಕ್ಕೆ ಕಾಗದ ಬರೆದಾಗಿದೆ.

ರತ್ನ


ಮೈಸೂರು
9 ಜುಲೈ 1969

ರತ್ನಾ, ರತ್ನಾ, ರತ್ನಾ,

ಕುಷ್ಠವಲ್ಲ! ಮೊದಲು ಹೋಗಿ ಅವಳಿಗೆ ಹೇಳಿ ಬಾ, ಆಮೇಲೆ ಉಳಿದದ್ದು ಓದು.

ಹೇಳಿ ಬಂದೆಯಾ? ಸರಿ. ಮೊದಲು ನೋಡಿದಾಗ ಗಾಜಿನ ಮೇಲೆ ವಿಶೇಷವೇನೂ ಕಾಣಲಿಲ್ಲ. ಆಮೇಲೆ ರಕ್ತದ ಹನಿಗೆ ಒಂದು ಔಷಧ ಬೆರೆಸಿ, ಗಾಳಿಯಾಡದ ಹಾಗೆ ಮುಚ್ಚಿಟ್ಟು ಊಟಕ್ಕೆ ಹೋದೆ. ಬಂದು ನೋಡುತ್ತೇನೆ, ದುಂಡಗಿದ್ದ ಕಣಗಳೆಲ್ಲ ಬಾಗಿ ಕುಡುಗೋಲಾಗಿವೆ! ರಾಗಿ ಕೊಯ್ಯಲು ಹೊರಟ ಊರಿನ ಹಾಗೆ, ಎಲ್ಲಿ ನೋಡಿದರೂ ಕುಡುಗೋಲು. ನಾನು ಕೂಗಿಕೊಂಡದ್ದಕ್ಕೆ ಪಕ್ಕದ ಕೋಣೆಯವರು ಓಡಿ ಬಂದರು.

ದೊಡ್ಡ ಡಾಕ್ಟರು ಹೇಳಿದ್ದನ್ನು ನಿನಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ. ಇದು ಹುಟ್ಟಿನಿಂದ ಬಂದದ್ದು, ತಾಯಿ ತಂದೆ ಇಬ್ಬರ ಕಡೆಯಿಂದಲೂ ಬಂದಾಗ ಹೀಗಾಗುತ್ತದೆ. ಯಾರಿಗೂ ಅಂಟುವುದಿಲ್ಲ. ಶಾಪವೂ ಅಲ್ಲ, ಮಾಟವೂ ಅಲ್ಲ. ಪ್ರಾಣವಾಯು ಕಡಿಮೆಯಾದಲ್ಲಿ ಕಣಗಳು ಹೀಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಪಾದದ ಗಂಟು ಎದೆಯಿಂದ ದೂರ, ಅಲ್ಲಿಗೆ ರಕ್ತ ಸರಿಯಾಗಿ ಓಡುವುದಿಲ್ಲ, ಅದಕ್ಕೇ ಹುಣ್ಣು ಮಾಯುವುದಿಲ್ಲ. ರಕ್ತದ ಕಾಯಿಲೆಗೆ ಮದ್ದಿಲ್ಲ. ಆದರೆ ಹುಣ್ಣನ್ನು ಮಾಯಿಸಬಹುದಂತೆ, ತಾಳ್ಮೆ ಇದ್ದರೆ. ತಾಳ್ಮೆ ಎಂದಾಗ ನಿನ್ನ ಮುಖ ನೆನಪಾಗಿ ನಕ್ಕೆ.

ಕಾಲು ಕೆಳಗೆ ಇಳಿಬಿಡಬಾರದು. ಎದೆಗಿಂತ ಎತ್ತರದಲ್ಲಿಟ್ಟು ಮಲಗಬೇಕು. ಹುಣ್ಣಿಗೆ ಸುಡುವ ಮದ್ದು ಏನೂ ಬೇಡ, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಸಾಕು. ಅದರ ಮೇಲೆ ಕಾಲ್ಬೆರಳಿನಿಂದ ಮೊಣಕಾಲಿನವರೆಗೆ ಹದವಾಗಿ ಪಟ್ಟಿ ಸುತ್ತು. ನೀರು ಹೆಚ್ಚು ಕುಡಿಸು, ಸೊಪ್ಪು ತಿನ್ನಿಸು, ಬೆಚ್ಚಗಿಡು. ಫೋಲಿಕ್ ಆಸಿಡ್ ಮಾತ್ರೆ ಇದರ ಜೊತೆ ಇದೆ. ನೆಲಕ್ಕೆ ಕಾಲಿಡಲೇಬಾರದು ಎಂದು ಗಟ್ಟಿಯಾಗಿ ಹೇಳು.

ಎರಡನೆಯವನ ರಕ್ತ ರಾಗಿಕಾಳಿನಷ್ಟು ದುಂಡಗಿದೆ, ಎಷ್ಟು ಹೊತ್ತಿಟ್ಟರೂ ಬಾಗಲಿಲ್ಲ. ನಾನು ಮೂರು ಸಲ ನೋಡಿದೆ. ಅವನನ್ನು ಚೆನ್ನಾಗಿ ನೋಡಿಕೊಳ್ಳಿ.

ಕುಣಿಯುತ್ತಿರುವ
ಚನ್ನಾಜಿ


ಲೊಕ್ಕನಹಳ್ಳಿ
30 ಆಗಸ್ಟ್ 1969

ಚನ್ನಾಜಿ,

ನಿನ್ನ ಕಾಗದವನ್ನು ಡಾಕ್ಟರು ಜಗಲಿಯಲ್ಲಿ ನಿಂತೇ ಎರಡು ಸಲ ಓದಿದರು. "ಏನಮ್ಮ ಶಿವರತ್ನಮ್ಮ, ನಾನು ಮೂವತ್ತು ವರ್ಷದಿಂದ ಈ ಕಾಲುಗಳನ್ನ ನೋಡ್ತಾ ಇದ್ದೀನಿ, ರಕ್ತ ನೋಡಬೇಕು ಅಂತ ಹೊಳೀಲೇ ಇಲ್ವಲ್ಲ!" ಎಂದು ತಲೆ ಚಚ್ಚಿಕೊಂಡು, ಆಶ್ರಮಕ್ಕೆ ಇನ್ನೊಂದು ಕಾಗದ ಬರೆದು ಹಾಕಿದರು. ಈಗ ಶುಕ್ರವಾರ ಬಂದವರು ಬೇರೆ ಯಾರನ್ನೂ ನೋಡುವ ಮೊದಲು ರಂಗಿಯ ಕಾಲು ನೋಡುತ್ತಾರೆ. ಕೊಳ್ಳೇಗಾಲದಿಂದ ಹುರುಳಿಕಾಳು, ನುಗ್ಗೆಸೊಪ್ಪು ಅವರೇ ಹೊತ್ತು ತರುತ್ತಾರೆ.

ಪೋಡಿನಲ್ಲಿ ಅವಳನ್ನು ಮಲಗಿಸುವುದು ನನ್ನಿಂದಾಗಲಿಲ್ಲ. ನಾನು ಬಂದಾಗ ಕಾಲೆತ್ತಿ ಮಲಗಿರುತ್ತಾಳೆ, ನಾನು ಬೆನ್ನು ತಿರುಗಿಸಿದರೆ ಗೆಣಸು ಅಗೆಯಲು ಹೋಗಿರುತ್ತಾಳೆ. ಅದಕ್ಕೇ ಆಸ್ಪತ್ರೆಯ ಎರಡನೆಯ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ. ಮೂರು ಮೈಲಿ ಹೇಗೆ ಬಂದಳು ಎನ್ನುತ್ತೀಯಾ? "ಕಾಲು ನೆಲಕ್ಕೆ ಮುಟ್ಟಬಾರದು" ಎಂದು ನಾನು ಬಿಳಿಗಿರಿಗೆ ಹೇಳಿದ್ದೆ. ಅವನು ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದ. ದಾರಿಯಲ್ಲಿ ಎಲ್ಲೂ ಇಳಿಸಲಿಲ್ಲವಂತೆ. ಬಂದವನೇ ಕಾಡಿಗೆ ಹೋಗಿ ಬಿದಿರು ತಂದು, ಕಾಲ ಕಡೆ ಎತ್ತರವಿರುವ ಮಂಚ ಕಟ್ಟಿದ. ಎಂಥ ಅಣ್ಣ ಕಣೇ!

ಹುಣ್ಣಿನ ಅಳತೆ ತೆಗೆದಿಡು ಎಂದರು ಡಾಕ್ಟರು. ಟೇಪು ಹಿಡಿದರೆ ರಂಗಿಗೆ ನಗು. "ಅದ್ಯಾಕೆ ಅಕ್ಕಯ್ಯ, ಎಲೆ ನೋಡಿದ್ರಾಯ್ತು" ಎಂದು ಬಿಳಿಗಿರಿಯ ಕೈಲಿ ಎಲೆಗಳನ್ನು ತರಿಸಿ, ಹುಣ್ಣಿಗೆ ತಾಕದ ಹಾಗೆ ಪಕ್ಕದಲ್ಲಿ ಹಿಡಿದು, ಸರಿಯಾಗಿ ಹೊಂದುವುದನ್ನು ಆರಿಸಿದಳು. ಒಂದು ಎಳೆಯ ಮುತ್ತುಗದ ಎಲೆ ಸರಿಹೋಯಿತು. ಮೈಸೂರಮ್ಮನಿಗೆ ಕಳಿಸು ಎಂದಳು. ಲಕೋಟೆಯಲ್ಲಿದೆ, ನೋಡು. ಅವಳು ನಾಲ್ಕು ವರ್ಷ ಹೊತ್ತು ತಿರುಗಿದ್ದು ಇಷ್ಟು ದೊಡ್ಡದು.

ರತ್ನ


ಮೈಸೂರು
12 ಸೆಪ್ಟೆಂಬರ್ 1969

ರತ್ನ,

ಎಲೆ ಸಿಕ್ಕಿತು. ಅದನ್ನು ಮೈಕ್ರೋಸ್ಕೋಪಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ದೊಡ್ಡ ಡಾಕ್ಟರು ನೋಡಿ, ಅದರ ಕೆಳಗೆ ಇನ್ನೂ ಸಣ್ಣ ಎಲೆಗಳಿಗೆ ಜಾಗ ಬಿಡಿ ಎಂದರು.

ಎರಡು ಕ್ರೇಪ್ ಬ್ಯಾಂಡೇಜ್ ಕಳಿಸಿದ್ದೇನೆ, ರಬ್ಬರಿನ ಹಾಗೆ ಹಿಗ್ಗುತ್ತವೆ. ಒಂದು ಒಗೆದು ಒಣಹಾಕಿದಾಗ ಇನ್ನೊಂದು ಕಟ್ಟು. ಬಟ್ಟೆಯ ಪಟ್ಟಿಗಿಂತ ಇದು ಮೇಲು.

ಮಂಚ ಕಟ್ಟಿದ, ಹೊತ್ತು ತಂದ, ಎಲೆ ತಂದ. ರತ್ನಾ, ಆ ಅಣ್ಣನನ್ನು ಒಂದೇ ಒಂದು ಸಲ ಕೇಳಿ ನೋಡೇ, ಅವಳಿಗೆ ಅವನು ಏನಾಗಬೇಕು ಎಂದು.

ಚನ್ನಾಜಿ


ಲೊಕ್ಕನಹಳ್ಳಿ
6 ನವೆಂಬರ್ 1969

ಚನ್ನಾಜಿ,

ಹೊಂಗೆ ಎಲೆ! ಲಕೋಟೆ ಬಿಚ್ಚು, ನೋಡು, ಕುಣಿ.

ಮೊದಲ ತಿಂಗಳು ಏನೂ ಆಗಲಿಲ್ಲ, ನಾನು ದಿನಾ ಅತ್ತೆ. ನಿನಗೆ ಬರೆದಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದರೆ ತಳ ಕೆಂಪಗೆ, ಹಸಿಯಾಗಿ, ದಾಳಿಂಬೆಯ ಹಾಗೆ. ಅಂಚಿನಲ್ಲಿ ತೆಳ್ಳಗೆ ಹೊಸ ಚರ್ಮ. "ಅಕ್ಕಯ್ಯ, ಯಾಕ್ ಅಳ್ತೀಯೆ, ನೋವು ನಂದಲ್ವ?" ಎಂದಳು ರಂಗಿ. ಹೌದಲ್ಲ ಎಂದು ನಕ್ಕುಬಿಟ್ಟೆ.

ಒಂದು ಕ್ರೇಪ್ ಬ್ಯಾಂಡೇಜನ್ನು ಮುಸುವ ಕೋತಿ ಕದ್ದೊಯ್ಯಿತು. ಬೇವಿನ ಮರದ ತುದಿಯಲ್ಲಿ ಕೂತು ಎಳೆದು ಬಿಟ್ಟು, ಎಳೆದು ಬಿಟ್ಟು ಆಡಿತು. ಇಡೀ ಊರೇ ಕೆಳಗೆ ನಿಂತು ನೋಡಿತು. ಬಿಳಿಗಿರಿ ಹತ್ತಿ ಇಳಿಸಿ ತಂದ, ಕುದಿಸಿ ಒಣಗಿಸಿದವನೂ ಅವನೇ. ಈಗ ಪಟ್ಟಿ ಸುತ್ತುವುದು ಅವನಿಗೆ ನನ್ನಷ್ಟೇ ಬರುತ್ತದೆ, ನಾನೇ ಕಲಿಸಿದ್ದೇನೆ.

ನೀನು ಹೇಳಿದ್ದನ್ನು ನಾನು ಕೇಳುವುದಿಲ್ಲ. ಒಡಹುಟ್ಟಿದವರನ್ನು ಹಿಡಿದು ಇಂಥದ್ದು ಕೇಳಿದರೆ ಅವರು ನನ್ನನ್ನು ಏನೆಂದುಕೊಳ್ಳಬೇಕು? ನಿನಗೆ ಒಂದು ಒಳ್ಳೆಯ ಗಂಡು ಸಿಕ್ಕಿದರೆ ಈ ಹುಚ್ಚು ಬಿಡುತ್ತದೆ.

ರತ್ನ


ಲೊಕ್ಕನಹಳ್ಳಿ
2 ಜನವರಿ 1970

ಚನ್ನಾಜಿ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಗಂಡಿನ ವಿಷಯ ಬರೆದದ್ದಕ್ಕೆ ಮುನಿಸೇ? ನಿಮ್ಮಮ್ಮನನ್ನು ಕೇಳಿ ಕಳಿಸಿದರೆ "ಚೆನ್ನಾಗವ್ಳೆ, ಬರೀತಾಳೆ ಬುಡವ್ವ" ಎಂದರಂತೆ. ನೀನು ಚೆನ್ನಾಗಿದ್ದೂ ಬರೆಯದಿದ್ದರೆ ಅದು ಇನ್ನೂ ಕೆಟ್ಟದ್ದು.

ಮುನಿಸಿದ್ದರೂ ಲಕೋಟೆ ಬಿಚ್ಚು. ಕರಿಬೇವಿನ ಎಲೆ, ಅದೂ ಗಿಡದಲ್ಲೇ ಚಿಕ್ಕದು. ಈಚೆಗೆ ಚಳಿ ಹೆಚ್ಚಾಗಿ ಮೂಳೆ ನೋವು ಬಂದು ರಂಗಿ ವಾರವೆಲ್ಲ ಒದ್ದಾಡಿದಳು. ಬಿಸಿನೀರು, ಕಂಬಳಿ, ಗಂಜಿ ಎಂದು ಹೇಗೋ ದಾಟಿಸಿದೆವು. ಆಗಲೂ ಕಾಲು ಕೆಳಗಿಳಿಸಲಿಲ್ಲ. "ಎಲೆ ಮುಗಿಯೋಗಂಟ ಇಳಿಸ್ಬ್ಯಾಡ ಅಂದಿದ್ದೀಯಲ್ಲ" ಎಂದಳು. ಈಗ ಅವಳಿಗಿಂತ ಬಿಳಿಗಿರಿಗೇ ಅವಸರ. ಇನ್ನೆಷ್ಟು ದಿನ, ಇನ್ನೆಷ್ಟು ದಿನ ಎಂದು ಪ್ರಾಣ ತಿನ್ನುತ್ತಾನೆ. ಅಣ್ಣನಿಗೆ ತಂಗಿಯನ್ನು ಬೆಟ್ಟಕ್ಕೆ ಕರೆದೊಯ್ಯುವ ಆತುರ.

ಬರೆಯೇ.

ರತ್ನ


ಲೊಕ್ಕನಹಳ್ಳಿ
18 ಫೆಬ್ರವರಿ 1970

ಚನ್ನಾಜಿ,

ಎಲ್ಲ ಹಾಳಾಯಿತು. ರಂಗಿ ಇಲ್ಲ.

ಮೊನ್ನೆ ಬೆಳಿಗ್ಗೆ ಮುಖ ತೊಳೆದು ಬಂದು ನೋಡಿದರೆ ಮಂಚ ಖಾಲಿ. ಹಿಂದಿನ ದಿನವಷ್ಟೇ ಅಳೆದಿದ್ದೆವು, ಹುಣಸೆ ಎಲೆಯ ಒಂದೇ ಒಂದು ಎಸಳಿನಷ್ಟು ಉಳಿದಿತ್ತು. ಇದೋ ಲಕೋಟೆಯಲ್ಲಿದೆ, ಕಳೆದುಹೋದೀತು, ಜೋಕೆ. ಇನ್ನು ಸ್ವಲ್ಪವೇ ದಿನ ತಡೆದಿದ್ದರೆ ಸಾಕಿತ್ತು. ಇಷ್ಟು ತಿಂಗಳು ಕಾದವಳು ಈಗ ಎದ್ದು ಕಾಡಿನಲ್ಲಿ ನಡೆದರೆ ಆ ಎಳೆ ಚರ್ಮ ಹರಿದು, ಮತ್ತೆ ಮುತ್ತುಗದ ಎಲೆಯಷ್ಟಾಗುತ್ತದೆ. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂದಿದೆ ಗೊತ್ತಾ? ಸಿಟ್ಟಲ್ಲ, ಸಂಕಟ. ನನಗೆ ಒಂದು ಮಾತು ಹೇಳಬಾರದಿತ್ತೇ?

ಉಪ್ಪಿನ ಡಬ್ಬಿ ಇಲ್ಲ. ನೀರು ಕಾಯಿಸುವ ಪಾತ್ರೆ ಇಲ್ಲ. ನಿನ್ನ ಎರಡೂ ಕ್ರೇಪ್ ಬ್ಯಾಂಡೇಜು, ಮಾತ್ರೆ, ಕಂಬಳಿ ಏನೂ ಇಲ್ಲ. ಬಿಳಿಗಿರಿಯೂ ಕಾಣುತ್ತಿಲ್ಲ, ತಂಗಿಯನ್ನು ಹುಡುಕಲು ಹೋಗಿರಬೇಕು. ಅಂಗಳದ ಧೂಳಿನಲ್ಲಿ ಕಾಡಿನ ಕಡೆಗೆ ಅವನ ಹೆಜ್ಜೆ ಮಾತ್ರ ಇದೆ, ದೊಡ್ಡ ಹೆಜ್ಜೆ, ಆಳವಾಗಿ ಊರಿದ್ದು. ಅವಳದು ಒಂದೂ ಇಲ್ಲ. ಹಾಗಾದರೆ ಅವಳು ಹೋದದ್ದು ಹೇಗೆ? ಏನಾದರೂ ಎಳೆದುಕೊಂಡು ಹೋಯಿತೇ?

ಕ್ಯಾತಮ್ಮನ ಬಳಿ ಓಡಿದೆ. ಮಗಳು ಕಾಣೆಯಾದ ತಾಯಿ ಅಳಬೇಕು ತಾನೆ? ಅವಳು ರಾಗಿ ಬೀಸುತ್ತಾ ಕೂತಿದ್ದಾಳೆ! "ಬತ್ತಾಳೆ ಬುಡು ನರ್ಸವ್ವ, ರೊಟ್ಟಿ ತಿನ್ನು" ಎಂದಳು. ಈ ಜನ ನನಗೆ ಅರ್ಥವಾಗುವುದೇ ಇಲ್ಲ.

ನೀನಾದರೂ ಬರೆ. ನನಗೆ ಬೇರೆ ಯಾರೂ ಇಲ್ಲ.

ರತ್ನ


ಮೈಸೂರು
22 ಫೆಬ್ರವರಿ 1970

ಪೆದ್ದೀ,

ಕಾಗದ ಓದಿ ಲ್ಯಾಬಿನಲ್ಲಿ ಒಬ್ಬಳೇ ಬಿದ್ದು ಬಿದ್ದು ನಕ್ಕೆ.

ಉಪ್ಪು, ಪಾತ್ರೆ, ಪಟ್ಟಿ, ಮಾತ್ರೆ, ಕಂಬಳಿ. ಇಷ್ಟು ಜೋಡಿಸಿಕೊಂಡು ಎಳೆದೊಯ್ಯುವ ಚಿರತೆಯನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ಹೆಜ್ಜೆ ಒಬ್ಬನದೇ, ಅದೂ ಆಳವಾಗಿ ಊರಿದ್ದು. ಒಬ್ಬನ ಹೆಜ್ಜೆ ಯಾವಾಗ ಅಷ್ಟು ಆಳವಾಗಿ ಊರುತ್ತದೆ? ಬೆನ್ನ ಮೇಲೆ ಇನ್ನೊಬ್ಬರಿದ್ದಾಗ. ರಂಗಿ ಕಾಲನ್ನು ನೆಲಕ್ಕಿಟ್ಟಿಲ್ಲ ಕಣೇ! ನಿನ್ನ ಮಾತು ಮೀರದೆ ಓಡಿಹೋಗಿದ್ದಾಳೆ.

ಹೌದು, ಓಡಿಹೋಗಿದ್ದಾಳೆ. ನಮ್ಮಮ್ಮ ಕೊಳ್ಳೇಗಾಲದ ಸಂತೆಯಲ್ಲಿ ಜೇನು ಮಾರುವ ಸೋಲಿಗಿತ್ತಿಯರನ್ನು ಕೇಳಿದ್ದಾಳೆ. ಅವರಲ್ಲಿ ಹುಡುಗ ಹುಡುಗಿ ಒಪ್ಪಿದರೆ ಒಟ್ಟಿಗೆ ಕಾಡಿಗೆ ಹೋಗಿಬಿಡುತ್ತಾರಂತೆ. ಕೆಲವು ದಿನ ಬಿಟ್ಟು ಬಂದರೆ ಹಿರಿಯರು ಕೂಡಿಸಿ, ತಪ್ಪಿಗೆ ದಂಡ ಹಾಕಿ, ಊಟ ಹಾಕಿಸಿ ಮದುವೆ ಮಾಡುತ್ತಾರಂತೆ. ಕ್ಯಾತಮ್ಮ ರಾಗಿ ಬೀಸುತ್ತಿರುವುದು ಆ ಊಟಕ್ಕೆ. "ಒಂದ್ ಕಡೆ ಓಗೋದೈತೆ" ಎಂದಳಲ್ಲ, ಅದು ಮಾದಪ್ಪನ ಬೆಟ್ಟವಲ್ಲ. ನಾಲ್ಕು ವರ್ಷದಿಂದ ಓಡಿಹೋಗಲು ಕಾಲಿಲ್ಲದೆ ಕಾದಿದ್ದಾಳೆ, ಪಾಪ. ಮದುವೆಯಾಗದವಳ ಜೊತೆ ಓಡಾಡುವವನು ಅಣ್ಣನೇ ಎನ್ನುವುದು ಯಳಂದೂರಿನ ನಿಮ್ಮ ಮನೆಯ ಲೆಕ್ಕ, ಅವರದಲ್ಲ.

ಇನ್ನು ನನ್ನ ಎರಡು ಗುಟ್ಟು.

ಅವನು ಮೊದಲು ತೋಳು ಚಾಚಿದ ಎಂದು ನೀನು ಬರೆದಾಗಲೇ ನನಗೆ ಗೊತ್ತಾಯಿತು. ಅದಕ್ಕೇ ಅವನ ರಕ್ತವನ್ನು ಮೂರು ಸಲ ನೋಡಿದೆ, ಅವಳದನ್ನು ನೋಡಿದಾಗಿನದಕ್ಕಿಂತ ಹೆಚ್ಚು ಹೆದರಿಕೊಂಡು. ಅವನಲ್ಲೂ ಕುಡುಗೋಲು ಇದ್ದಿದ್ದರೆ ಅವರ ಮಕ್ಕಳಿಗೆ ಈ ಕಾಯಿಲೆ ಬರಬಹುದಿತ್ತು. ಅವನದು ದುಂಡಗಿದೆ. ಮಕ್ಕಳು ರಕ್ತದಲ್ಲಿ ಅಮ್ಮನ ಗುರುತು ಹೊತ್ತಾರು, ಆದರೆ ಅಮ್ಮನ ಈ ನೋವು ಅವರಿಗೆ ಬರುವುದಿಲ್ಲ. ಆ ದಿನ ನಾನು ಕುಣಿದದ್ದು ಅದಕ್ಕೆ.

ಎರಡನೆಯದು. ನವೆಂಬರಿನಿಂದ ಬರೆಯದೆ ಇದ್ದದ್ದು ಮುನಿಸಿನಿಂದಲ್ಲ. ನಿನ್ನ ಹೊಂಗೆ ಎಲೆ ತೋರಿಸಲು ಹೋದಾಗ ದೊಡ್ಡ ಡಾಕ್ಟರು ಹೇಳಿದರು, ಇಂಥ ಹುಣ್ಣು ಮಾಯ್ದರೂ ಮತ್ತೆ ಬಿಚ್ಚಿಕೊಳ್ಳಬಹುದು, ಎಷ್ಟೋ ಜನರಲ್ಲಿ ಹಾಗೇ ಆಗುತ್ತದೆ ಎಂದು. ಅಷ್ಟು ಸಂತೋಷದಲ್ಲಿದ್ದ ನಿನಗೆ ಅದನ್ನು ಬರೆಯಲು ಕೈ ಬರಲಿಲ್ಲ. ಅದನ್ನು ಬಿಟ್ಟು ಬೇರೆ ಬರೆದರೆ ಸುಳ್ಳಾಗುತ್ತಿತ್ತು. ಈಗ ಬರೆದಿದ್ದೇನೆ. ಬೈಯುವುದಿದ್ದರೆ ಬೈ.

ಹುಣಸೆ ಎಸಳನ್ನು ಗೋಡೆಗೆ ಅಂಟಿಸಿದೆ. ಅದನ್ನು ನೋಡಲು ಎಲ್ಲರಿಗೂ ನನ್ನ ಭೂತಗನ್ನಡಿ ಬೇಕಾಯಿತು.

ಚನ್ನಾಜಿ


ಲೊಕ್ಕನಹಳ್ಳಿ
15 ಮಾರ್ಚ್ 1970

ಚನ್ನಾಜಿ,

ಬೈಯುವುದಿಲ್ಲ. ನೀನು ಹೇಳಿದ್ದೆಲ್ಲ ನಿಜವಾದ ಮೇಲೆ ನಿನ್ನನ್ನು ಬೈದು ಗೆಲ್ಲುವವರುಂಟೇ?

ಬಂದರು. ಮೊನ್ನೆ ಪುಟ್ಟಬೊಮ್ಮ ಆಳು ಕಳಿಸಿದ, ನರ್ಸವ್ವನೂ ಬರಬೇಕು, ಅವಳ ಮೇಲೂ ದೂರೈತೆ ಎಂದು. ಶುಕ್ರವಾರವಾದ್ದರಿಂದ ಡಾಕ್ಟರೂ ಇದ್ದರು, ಅವರೂ ಹೊರಟರು. ಹೋಗಿ ನೋಡಿದರೆ ಇಡೀ ಪೋಡು ಹುಣಸೆ ಮರದಡಿ ಸೇರಿದೆ. ನಡುವೆ ಬಿಳಿಗಿರಿ ತಲೆ ತಗ್ಗಿಸಿ ನಿಂತಿದ್ದಾನೆ. ಅವನ ಬೆನ್ನ ಮೇಲೆ ರಂಗಿ, ಎಡಗಾಲಿಗೆ ಮೊಣಕಾಲಿನವರೆಗೆ ಪಟ್ಟಿ, ಮುಖದ ತುಂಬ ನಗು.

"ನೀನು ಅವಳ ಅಣ್ಣ ಅಂತ ನನಗೆ ಯಾಕೋ ಹೇಳಿದೆ?" ಎಂದು ಬಿಳಿಗಿರಿಗೆ ಗದರಿದೆ.

"ನಾನೆಲ್ಲಿ ಏಳ್ದೆ ನರ್ಸವ್ವ? ನೀನೇ ಅಂದೆ. ದೊಡ್ಡೋರು ಅಂದ್ಮೇಲೆ ಇಲ್ಲ ಅನ್ನಕಾಯ್ತದಾ ಅಂತ ಸುಮ್ಕಿದ್ದೆ" ಎಂದ. ಪೋಡೆಲ್ಲ ಹೋ ಎಂದು ನಕ್ಕಿತು. ಡಾಕ್ಟರು ಎಲ್ಲರಿಗಿಂತ ಜೋರಾಗಿ ನಕ್ಕರು.

ಆಮೇಲೆ ಪುಟ್ಟಬೊಮ್ಮ ಗಂಟಲು ಸರಿಮಾಡಿಕೊಂಡ. "ನಮ್ಮ ಐಕಳು ಓಡೋಗದು ನಂಗೂ ಗೊತ್ತು, ನಾನೂ ಓಡೋದವ್ನೇ. ಆದ್ರೆ ಇದ್ಯಾತರ ಓಡೋಗಾಣ? ಇಬ್ರು ಓದ್ರು, ಓಡಿದ್ದು ಒಬ್ನೇ. ಎಣ್ಣು ತನ್ನ ಕಾಲಾಗೆ ತಾನು ಓದ್ರೆ ಅವಳ್ಗೆ ಮನ್ಸೈತೆ ಅಂತೀವಿ. ಒತ್ಕಂಡ್ ಓದ್ರೆ ಏನಂತ ತಿಳ್ಕಬೇಕು?"

ನಗೆ ನಿಂತಿತು. ಹಿಂದೆ ಕೂತಿದ್ದ ಇಬ್ಬರು ಮುದುಕರು ಹೌದೌದು ಎಂದು ತಲೆಯಾಡಿಸಿದರು. ಬಿಳಿಗಿರಿಯ ಮುಖ ಸಣ್ಣದಾಯಿತು.

"ಮನ್ಸೈತೆ!" ಎಂದಳು ರಂಗಿ ಬೆನ್ನ ಮೇಲಿಂದಲೇ.

"ಬಾಯಲ್ಲಿ ಅಂದ್ರೆ ಆಗಾಕಿಲ್ಲ. ಇಳಿದು, ಎಲ್ರ ಮುಂದೆ ನಡ್ಕಂಡು ಅವ್ನ ತಾವು ಓಗು."

"ಎಂಗ್ ಇಳೀಲಿ? ಎಲೆ ಮುಗಿಯಗಂಟ ಕಾಲು ನೆಲ ಮುಟ್ಬಾರ್ದು ಅಂದವ್ರೆ ನಮ್ಮಕ್ಕಯ್ಯ. ಅವ್ರು ಊಂ ಅನ್ನಬೇಕು."

ನೋಡಿದೆಯಾ, ನನ್ನ ಮೇಲೆ ದೂರು ಏನೆಂದು? ಎಲ್ಲರೂ ನನ್ನ ಕಡೆ ತಿರುಗಿದರು. ಬಿಳಿಗಿರಿ ಅವಳನ್ನು ಒಂದು ಬಂಡೆಯ ಮೇಲೆ ಕೂರಿಸಿದ. ನಾನು ಮಂಡಿಯೂರಿ ಪಟ್ಟಿ ಬಿಚ್ಚತೊಡಗಿದೆ. ಹದವಾಗಿ ಸುತ್ತಿದ್ದ, ನಾನು ಕಲಿಸಿದ ಹಾಗೇ. ಒಳಗೆ ಹುಣಸೆ ಎಸಳಿರುತ್ತದೋ ಮುತ್ತುಗದ ಎಲೆಯಿರುತ್ತದೋ ಎಂದು ಒಂದೊಂದೇ ಸುತ್ತು ಎಣಿಸುತ್ತಾ ಬಿಚ್ಚಿದೆ.

ಏನೂ ಇರಲಿಲ್ಲ. ಹುಣ್ಣಿದ್ದ ಜಾಗದಲ್ಲಿ ನಯವಾದ, ತೆಳ್ಳನೆಯ, ಹೊಳೆಯುವ ಚರ್ಮ. ಡಾಕ್ಟರು ಬಗ್ಗಿ ನೋಡಿ, ಬೆರಳಿನಿಂದ ಮುಟ್ಟಿ, ಬೇರೆ ಕಡೆ ಮುಖ ತಿರುಗಿಸಿ ಕರವಸ್ತ್ರ ಹುಡುಕಿದರು. ಕಾಡಿನಲ್ಲಿ ಅವಳು ಬಂಡೆಯ ಮೇಲೆ ಕಾಲೆತ್ತಿಟ್ಟು ಮಲಗಿದ್ದಳಂತೆ. ಅವನು ಗೆಣಸು ಸುಟ್ಟು, ನೀರು ಕುದಿಸಿ, ಉಪ್ಪು ಹಾಕಿ, ದಿನವೂ ಬಟ್ಟೆ ಬದಲಿಸಿದನಂತೆ. ಓಡಿಹೋದವರು ಹೀಗೆ ಕಾಲ ಕಳೆದದ್ದು ಈ ಪ್ರಪಂಚದಲ್ಲಿ ಇನ್ನೆಲ್ಲೂ ಇರಲಾರದು.

ನೀನು ಹೇಳಿದ ಎರಡನೆಯ ಗುಟ್ಟನ್ನು ಅಲ್ಲೇ ಅವಳ ಕಿವಿಯಲ್ಲಿ ಹೇಳಿದೆ. ಮುಚ್ಚಿಡುವುದು ಸರಿ ಕಾಣಲಿಲ್ಲ. ಇದು ಮತ್ತೆ ಬಿಚ್ಚಬಹುದು ರಂಗಿ, ಏಟು ಬೀಳದ ಹಾಗೆ ನೋಡಿಕೊ, ಪಟ್ಟಿ ಬಿಡಬೇಡ ಎಂದೆ. ಅವಳು ಹೊಸ ಚರ್ಮದ ಮೇಲೆ ಒಮ್ಮೆ ಬೆರಳಾಡಿಸಿದಳು. ಆಮೇಲೆ, "ಬಂದ್ರೆ ಬರ್ಲಿ ಅಕ್ಕಯ್ಯ. ಮಂಚೈತೆ, ಕಾಡ್ತುಂಬ ಎಲೆ ಐತೆ, ಒರಾಕೆ ಇವನವ್ನೆ, ಬೈಯ್ಯಾಕೆ ನೀನಿದ್ದೀಯೆ" ಎಂದಳು.

ನಾನೇ ಮತ್ತೆ ಪಟ್ಟಿ ಸುತ್ತಿದೆ. ಎದ್ದು ನಿಂತು, "ಊಂ, ಇಳಿ" ಎಂದೆ.

ರಂಗಿ ಎಡಗಾಲನ್ನು ನೆಲಕ್ಕಿಟ್ಟಳು. ಬಿಳಿಗಿರಿ ಅಷ್ಟರಲ್ಲಿ ಆ ತುದಿಗೆ ಹೋಗಿ ನಿಂತಿದ್ದ. ಮೊದಲು ಎಳೆಗರುವಿನ ಹಾಗೆ ತಡವರಿಸಿದಳು, ಆಮೇಲೆ ನೆಟ್ಟಗೆ ನಡೆದಳು. ಅವನ ಹತ್ತಿರ ಹೋದವಳು ಅಲ್ಲಿ ನಿಲ್ಲಲೇ ಇಲ್ಲ, ಅವನ ಸುತ್ತ ಒಂದು ಸುತ್ತು ಬಂದು ಕೈ ತಟ್ಟಿಬಿಟ್ಟಳು. ಅಷ್ಟೇ, ಯಾರೋ ದನಿಯೆತ್ತಿದರು, ಪೋಡೆಲ್ಲ ಎದ್ದು ಕುಣಿಯತೊಡಗಿತು. ನಾಲ್ಕು ವರ್ಷ ಪ್ರತಿ ಸುಗ್ಗಿಯಲ್ಲೂ ಅಂಚಿನಲ್ಲಿ ಕೂತು ಕುಣಿತ ನೋಡಿದವಳಂತೆ ಅವಳು. ಕ್ಯಾತಮ್ಮ ರಾಗಿಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಸವರಿ ಅತ್ತಳು.

ಓಡಿಹೋಗಲು ಪಟ್ಟಿ, ಉಪ್ಪು ಒದಗಿಸಿದ ತಪ್ಪಿಗೆ ನನಗೂ ದಂಡ ಬಿತ್ತು. ದಂಡವೇನೆಂದರೆ ರಂಗಿಯ ಜೊತೆ ಕುಣಿಯಬೇಕು. ಕುಣಿದೆ. ಡಾಕ್ಟರೂ ಕುಣಿದರು, ಅದನ್ನು ನಾನು ಬರೆದೆ ಎಂದು ಯಾರಿಗೂ ಹೇಳಬೇಡ. ಒಂದು ಸುತ್ತಾದ ಮೇಲೆ ರಂಗಿಯನ್ನು ಹಿಡಿದು ಕೂರಿಸಿ, ಕಾಲನ್ನು ಬಂಡೆಯ ಮೇಲೆ ಎತ್ತಿಡಿಸಿದೆ. ಬೈದುಕೊಂಡೇ ಕೂತಳು.

ಪೋಡಿನಲ್ಲಿ ಇದೇ ಕಾಯಿಲೆಯಿರುವ ಇನ್ನಿಬ್ಬರಲ್ಲಿ ಒಬ್ಬರು ನಾಳೆ ಬರುತ್ತಾರೆ, ಬಿಳಿಗಿರಿ ಹೊತ್ತು ತರುತ್ತಾನೆ. ಗೋಡೆಯಲ್ಲಿ ಅವರಿಗೂ ಜಾಗ ಬಿಡು. ನನಗೆ ರಜೆ ಸಿಕ್ಕಿದೆ, ಮುಂದಿನ ವಾರ ಯಳಂದೂರಿಗೆ ಹೋಗಿ ಅಮ್ಮ ನಿಲ್ಲಿಸಿರುವ ಗಂಡುಗಳನ್ನು ನೋಡಬೇಕು. ಮೂರು ಮೈಲಿ ಬೆನ್ನ ಮೇಲೆ ಹೊರಬಲ್ಲೆಯಾ ಎಂದು ಕೇಳೋಣವೆಂದಿದ್ದೇನೆ.

ಈ ಸಲ ಲಕೋಟೆಯಲ್ಲಿ ಎಲೆ ಇಲ್ಲ. ಉದುರಿತೇನೋ ಎಂದು ಹುಡುಕಬೇಡ.

ನಿನ್ನ
ರತ್ನ